ಅಟ್ಟದ ಕೊಬ್ಬರಿ, ಫ್ರಿಜ್ಜಿನ ಕೋಳಿ

ತಿಪಟೂರು, ತುರುವೇಕೆರೆ ಅಥವಾ ಚಿಕ್ಕನಾಯಕನಹಳ್ಳಿ ಕಡೆಯ ಹಳೆಯ ಮನೆಗೆ ನೀವು ಹೋದರೆ ತಲೆಯೆತ್ತಿ ಅಟ್ಟವನ್ನೊಮ್ಮೆ ನೋಡಿ. ಸಿಪ್ಪೆ ಸುಲಿಯದ ಬಲಿತ ತೆಂಗಿನಕಾಯಿಗಳು ಅಲ್ಲಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಸುಮ್ಮನೆ ಕುಳಿತಿರುತ್ತವೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಒಣಗಿ ಚಿಪ್ಪನ್ನು ಬಿಡುತ್ತದೆ. ಕಾಯಿ ಅಲುಗಾಡಿಸಿದಾಗ ಒಳಗೆ ಗುಡುಗುಡು ಸದ್ದು ಕೇಳಿದರೆ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ.

ಹಸಿ ತೆಂಗಿನ ತಿರುಳಿನಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಅದು ಶೇಕಡಾ 7ರ ಆಸುಪಾಸಿಗೆ ಇಳಿದಿರುತ್ತದೆ. ನೀರಿಲ್ಲದ ಕಡೆ ಸೂಕ್ಷ್ಮಜೀವಿಗಳಿಗೆ ಬದುಕಿಲ್ಲ. ಕೊಬ್ಬರಿಯ ಎಣ್ಣೆಯಲ್ಲಿ ಶೇಕಡಾ 90ರಷ್ಟು ಪರ್ಯಾಪ್ತ ಕೊಬ್ಬಿರುವುದರಿಂದ ಅದು ಬೇಗ ಕಮಟುವುದೂ ಇಲ್ಲ. ಇವೆಲ್ಲಕ್ಕೂ ಹೊರಗಿನ ರಕ್ಷಣೆಯಾಗಿ ನಾರು ಮತ್ತು ಚಿಪ್ಪು ಇವೆ. ಪ್ರಕೃತಿಯೇ ಮಾಡಿಕೊಟ್ಟ ಹೊದಿಕೆ ಇದು.

ಈಗ ಕೋಳಿಮಾಂಸದ ಪಾಡನ್ನು ನೋಡೋಣ. ಅದರ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಕೊಬ್ಬಿನ ಬಹುಭಾಗ ಅಪರ್ಯಾಪ್ತ. ಗಾಳಿ ತಾಗಿದರೆ ಕಮಟುತ್ತದೆ. ಒಣಗಿಸಿದರೆ ಅದು ತಾಜಾ ಮಾಂಸವಾಗಿ ಉಳಿಯುವುದಿಲ್ಲ. ಆದ್ದರಿಂದಲೇ ನಮ್ಮ ಊರುಗಳಲ್ಲಿ ಕೋಳಿಯನ್ನು ಗಿರಾಕಿಯ ಕಣ್ಣೆದುರೇ ಕೊಯ್ದು ಕೊಡುವ ರೂಢಿ ಬೆಳೆಯಿತು. ಇದು ಹಟವಲ್ಲ, ತಾಜಾತನಕ್ಕೆ ಜನ ಕಂಡುಕೊಂಡ ಖಾತರಿ.

ತಂಪಿನ ಕಾಲ ಬಂದದ್ದು ಆಮೇಲೆ. 1882ರಲ್ಲಿ ‘ಡುನೆಡಿನ್’ ಎಂಬ ಹಡಗು ನ್ಯೂಜಿಲೆಂಡಿನಿಂದ ಹೆಪ್ಪುಗಟ್ಟಿಸಿದ ಕುರಿಮಾಂಸವನ್ನು ಲಂಡನ್ನಿಗೆ ಕೆಡದಂತೆ ಮುಟ್ಟಿಸಿತು. ಆದರೆ ಹೆಪ್ಪುಗಟ್ಟಿಸುವುದು ಬೇರೆ, 0ಯಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಂಪಾಗಿಡುವುದು ಬೇರೆ. ತಂಪು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ಅವುಗಳ ನಡಿಗೆಯನ್ನು ನಿಧಾನಗೊಳಿಸುತ್ತದೆ, ಅಷ್ಟೇ. ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಗಳಂತೂ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತವೆ. ಕೆಟ್ಟ ಮಾಂಸದ ಮೇಲಿನ ಲೋಳೆ, ವಾಸನೆ ಬಹುಮಟ್ಟಿಗೆ ಅವುಗಳದೇ ಕೆಲಸ.

ಹಾಗಾದರೆ ತೆಂಗಿನಕಾಯಿಗೆ ಇರುವಂಥ ಹೊದಿಕೆಯೊಂದನ್ನು, ತಿನ್ನಲು ಬರುವಂಥದನ್ನು, ಮಾಂಸಕ್ಕೂ ತೊಡಿಸಬಹುದೆ?

ಈ ಯೋಚನೆ ಹಳೆಯದು. 12ನೆಯ ಶತಮಾನದ ಚೀನಾದಲ್ಲಿ ಕಿತ್ತಳೆ, ನಿಂಬೆಗಳಿಗೆ ಮೇಣ ಬಳಿಯುತ್ತಿದ್ದರು. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಾಂಸಕ್ಕೆ ಕರಗಿಸಿದ ಕೊಬ್ಬಿನ ಲೇಪ ಕೊಡುತ್ತಿದ್ದರು. ನಮ್ಮ ರಾಜ್ಯದಲ್ಲೂ ಇದರ ಕೊಂಡಿಯಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿ.ಎಫ್.ಟಿ.ಆರ್.ಐ., ಹಣ್ಣು ತರಕಾರಿಗಳು ಬೇಗ ಬಾಡದಂತೆ ತೆಳುವಾದ ಮೇಣದ ಲೇಪವನ್ನು ರೂಪಿಸಿತು. ಅಲ್ಲಿ ಮಾಂಸ, ಮೀನು, ಕೋಳಿಗಳ ಸಂಸ್ಕರಣೆಯ ಬಗೆಗೂ ಸಂಶೋಧನೆ ನಡೆಯುತ್ತ ಬಂದಿದೆ.

ಮಾಂಸಕ್ಕೆ ಬೇಕಾದ ಲೇಪದ ಸಾಮಗ್ರಿಯೂ 19ನೆಯ ಶತಮಾನದಲ್ಲೇ ಗೊತ್ತಾಗಿತ್ತು. ಫ್ರಾನ್ಸಿನ ಬ್ರಕೊನೊ 1811ರಲ್ಲಿ ಅಣಬೆಯಲ್ಲಿ ಕೈಟಿನ್ ಎಂಬ ವಸ್ತುವನ್ನು ಗುರುತಿಸಿದ. ಸಿಗಡಿ, ಏಡಿಗಳ ಚಿಪ್ಪಿನಲ್ಲಿರುವುದೂ ಅದೇ. 1859ರಲ್ಲಿ ರೂಜೆ ಅದನ್ನು ಕ್ಷಾರದಲ್ಲಿ ಕುದಿಸಿ, ಇಂದು ಕೈಟೊಸಾನ್ ಎಂದು ಕರೆಯುವ ಪದಾರ್ಥವನ್ನು ಪಡೆದ. 1881ರಲ್ಲಿ ಇಂಗ್ಲೆಂಡಿನ ಸ್ಟ್ಯಾನ್‌ಫೋರ್ಡ್ ಕಡಲಪಾಚಿಯಿಂದ ಆಲ್ಜಿನೇಟ್ ತೆಗೆದ. ಇವುಗಳ ದ್ರಾವಣದಲ್ಲಿ ಮಾಂಸವನ್ನು ಅದ್ದಿ ತೆಗೆದರೆ ಮೇಲೆ ತೆಳ್ಳನೆಯ ಪೊರೆಯೊಂದು ಕೂರುತ್ತದೆ.

ಸಸ್ಯಗಳು ಪ್ರವೇಶಿಸುವುದು ಇಲ್ಲಿ. ನಿಮ್ಮ ಅಡುಗೆಮನೆಯ ಓಮದಲ್ಲಿ ಥೈಮಾಲ್ ಇದೆ. ಲವಂಗದಲ್ಲಿ ಯೂಜಿನಾಲ್. ಕೆಮ್ಮಿಗೆ ಅಜ್ಜಿ ಬಾಡಿಸಿ ಹಿಂಡುವ ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್. ಇವು ಬ್ಯಾಕ್ಟೀರಿಯದ ಹೊರಪೊರೆಯನ್ನೇ ಸೋರುವಂತೆ ಮಾಡುತ್ತವೆ. ಕೊಬ್ಬು ಕಮಟುವುದನ್ನೂ ತಡೆಯುತ್ತವೆ. ಈ ತೈಲಗಳನ್ನು ಹಾಗೇ ಸವರಿದರೆ ಬೇಗ ಆವಿಯಾಗುತ್ತವೆ. ಪೊರೆಯೊಳಗೆ ಸೇರಿಸಿದರೆ ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಬರುತ್ತವೆ. ಹೀಗೆ ಲೇಪಿಸಿದ ತಂಪು ಕೋಳಿಮಾಂಸ ಲೇಪವಿಲ್ಲದ್ದಕ್ಕಿಂತ ಕೆಲವು ದಿನ ಹೆಚ್ಚು ಬಾಳುತ್ತದೆಂದು ಹಲವು ದೇಶಗಳ ಪ್ರಯೋಗಾಲಯಗಳು ಕಂಡುಕೊಂಡಿವೆ. ತೊಡಕೂ ಇದೆ: ತೈಲ ಹೆಚ್ಚಾದರೆ ಕೋಳಿಸಾರು ಓಮದ ಕಷಾಯದಂತೆ ನಾರುತ್ತದೆ!

ಇನ್ನೊಂದು ಮಾತನ್ನು ಮರೆಯಬಾರದು. ಲೇಪ ತಂಪಿಗೆ ಬದಲಿಯಲ್ಲ, ಬೇಯಿಸುವುದಕ್ಕೂ ಬದಲಿಯಲ್ಲ. ಸಾಲ್ಮೊನೆಲ್ಲಾದಂಥ ರೋಗಾಣುಗಳು ಸಾಯಬೇಕಾದರೆ ಮಾಂಸದ ಒಳಭಾಗವೂ ಸುಮಾರು 74 ಡಿಗ್ರಿ ಕಾಯಲೇಬೇಕು.

ವಿದ್ಯಾರ್ಥಿ ಮಿತ್ರರೇ, ಇದು ಬರೀ ರಸಾಯನಶಾಸ್ತ್ರದ ಕಥೆಯಲ್ಲ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಹರಾಜು ಕುಸಿದಾಗ, ಅಟ್ಟದಲ್ಲಿ ಕಾಯಿ ಇಟ್ಟ ರೈತ ಇನ್ನಷ್ಟು ದಿನ ತಡೆಯಬಲ್ಲ. ಕೈಸಾಲದ ಒತ್ತಡ ಇಲ್ಲದಿದ್ದರೆ ಅವನಿಗೆ ಆ ಅಟ್ಟವೇ ಬಲ. ಕೋಳಿ ಮಾರುವವನಿಗೆ ಅಂಥ ಅಟ್ಟವಿಲ್ಲ. ಕೊಯ್ದದ್ದು ಅಂದೇ ಹೋಗಬೇಕು, ಇಲ್ಲವೇ ನಷ್ಟ. ಆಹಾರ ಉಳಿಸುವ ವಿದ್ಯೆಯೆಂದರೆ ಕಾಯುವ ಶಕ್ತಿಯನ್ನು ಕೊಡುವ ವಿದ್ಯೆ.

ಹಾಗೆ ಗಳಿಸಿದ ಮೂರು ನಾಲ್ಕು ದಿನ ಯಾರ ಪಾಲಾಗಬೇಕು? ಸಣ್ಣ ಅಂಗಡಿಯವನಿಗೆ ನಷ್ಟ ತಪ್ಪಿದರೆ ಒಳ್ಳೆಯದು. ಹಳೆಯ ಮಾಂಸವನ್ನು ಹೊಸದೆಂದು ತೋರಿಸಲು ಬಳಕೆಯಾದರೆ ಅದೇ ಲೇಪ ಮೋಸದ ಮುಸುಕಾಗುತ್ತದೆ. ಕಣ್ಣೆದುರು ಕೊಯ್ಯುವ ಪದ್ಧತಿಯಲ್ಲಿ ಗಿರಾಕಿಗೆ ಕಣ್ಣೇ ಸಾಕ್ಷಿ. ಪೊಟ್ಟಣದ ಮಾಂಸದಲ್ಲಿ ಆ ಸಾಕ್ಷಿಯ ಜಾಗಕ್ಕೆ ಬರುವುದು ಚೀಟಿಯ ಮೇಲಿನ ದಿನಾಂಕ. ಅದನ್ನು ಓದುವ, ಇಲ್ಲದಿದ್ದರೆ ಕೇಳುವ ಅಭ್ಯಾಸವನ್ನು ಇಂದಿನಿಂದಲೇ ನೀವು ಬೆಳೆಸಿಕೊಳ್ಳಿ.