ಗಿರಾಕಿ, ಗ್ರಾಹಕ, ಬಳಕೆದಾರ

ಮುನಿರ್ಕಾದ ರಾಮಾ ಮಾರ್ಕೆಟ್ಟಿನ ಹತ್ತಿರ ನಮ್ಮ ಕಡೆಯ ಸಾಮಾನು ಸಿಗುವ ಒಂದು ಪುಟ್ಟ ಅಂಗಡಿಯಿದೆ. ಚಿಕೋರಿ ಬೆರೆಸಿದ ಕಾಫಿ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಕುಚ್ಚಲಕ್ಕಿ, ಅದೃಷ್ಟವಿದ್ದ ದಿನ ತಾಜಾ ಕರಿಬೇವು. ಕಳೆದ ತಿಂಗಳು ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ರವೆಯ ಪೊಟ್ಟಣವನ್ನು ಗಲ್ಲಾದ ಮೇಲಿಟ್ಟು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, "ಭಯ್ಯಾ, ಇಸ್‌ಮೇ ಹುಳ ಹೈ" ಎಂದರು. ಅಂಗಡಿಯವನು ಪೊಟ್ಟಣ ಬಿಚ್ಚಿ ನೋಡಲಿಲ್ಲ. ಬೇರೆಯದು ಕೊಟ್ಟ, ಮೇಲೊಂದು ಹಿಡಿ ಕರಿಬೇವು ಹಾಕಿದ. ದೂರು, ವಿಚಾರಣೆ, ತೀರ್ಪು, ಪರಿಹಾರ ಎಲ್ಲ ಸೇರಿ ಅರ್ಧ ನಿಮಿಷ.

ನಾನು ಮನೆಗೆ ಬಂದು ಕಂಪ್ಯೂಟರ್ ತೆರೆದೆ. ಆ ದಿನದ ಕೆಲಸ ಒಂದು ಆ್ಯಪಿನ ಕನ್ನಡ ಅನುವಾದ. ಅದರಲ್ಲಿ 'ರಿವ್ಯೂ' ಎಂದಿದ್ದಲ್ಲೆಲ್ಲ 'ವಿಮರ್ಶೆ' ಎಂದು ಬರೆಯಬೇಕೆಂದು ಗಿರಾಕಿ ಕಂಪನಿಯ ಪದಪಟ್ಟಿ ಹೇಳುತ್ತಿತ್ತು. 'ವಿಮರ್ಶೆ ಬರೆಯಿರಿ' ಎಂದು ಬರೆದು ಸುಮ್ಮನೆ ಕೂತೆ. ಕನ್ನಡದಲ್ಲಿ ವಿಮರ್ಶೆ ಎಂದರೆ ಕಾವ್ಯದ ಬಗ್ಗೆ, ಕಾದಂಬರಿಯ ಬಗ್ಗೆ ವಿದ್ವಾಂಸರು ಬರೆಯುವುದು. ಹುಳ ಬಿದ್ದ ರವೆಯ ಬಗ್ಗೆ ಆ ಹಿರಿಯರು ಹೇಳಿದ್ದು ವಿಮರ್ಶೆಯೇ? ಅಲ್ಲದಿದ್ದರೆ ಅದಕ್ಕೆ ನಮ್ಮಲ್ಲಿ ಹೆಸರೇನು? ಈ ಬರಹ ಆ ಹೆಸರನ್ನು ಹುಡುಕುತ್ತಾ ಹೋದದ್ದು.

ಮೂರು ಪದಗಳು

ಕೊಳ್ಳುವವನಿಗೆ ಕನ್ನಡದಲ್ಲಿ ಕನಿಷ್ಠ ಮೂರು ಹೆಸರುಗಳಿವೆ. ಅಂಗಡಿಯ ಮಾತಿನಲ್ಲಿ ಅವನು ಗಿರಾಕಿ. ಕಾನೂನಿನಲ್ಲಿ ಗ್ರಾಹಕ. ಮೊಬೈಲಿನ ಪರದೆಯ ಮೇಲೆ ಬಳಕೆದಾರ. ಗಿರಾಕಿ ಎನ್ನುವುದು ಗ್ರಾಹಕ ಎಂಬುದರದೇ ಬಾಯಿರೂಪ. ಮರಾಠಿಯಲ್ಲೂ ಇದರ ನೆಂಟ ಪದವಿದೆ. ಗ್ರಾಹಕ ಎಂದರೆ ತೆಗೆದುಕೊಳ್ಳುವವನು. ಬಳಕೆದಾರನಿಗೆ ಬಳಸಿದರೆ ಸಾಕು, ಕೊಂಡಿರಲೇಬೇಕೆಂದಿಲ್ಲ.

ದೆಹಲಿಯ ಹಿಂದಿಯಲ್ಲೂ ಇಂಥ ಒಡಕಿದೆ. ಕಾನೂನಿನ ಹೆಸರಿನಲ್ಲಿ ಇರುವುದು 'ಉಪಭೋಕ್ತಾ'. ಆದರೆ 2005ರಲ್ಲಿ ಸರ್ಕಾರ ಜಾಹೀರಾತು ಮಾಡಹೊರಟಾಗ ಆರಿಸಿದ್ದು 'ಜಾಗೋ ಗ್ರಾಹಕ್ ಜಾಗೋ'. ಜನರನ್ನು ಎಬ್ಬಿಸಲು ಜನರ ಪದವೇ ಬೇಕಾಯಿತು.

ಈ ಪದಗಳ ನಡುವಿನ ವ್ಯತ್ಯಾಸ ನಿಘಂಟಿನ ಚಪಲ ಎಂದು ನಾನೂ ಅಂದುಕೊಂಡಿದ್ದೆ. ಮುಂದೆ ನೋಡುವಂತೆ, ಯಾರ ಮಾತನ್ನು ಯಾರು ಕೇಳಬೇಕು ಎಂಬುದು ಇದರ ಮೇಲೆ ನಿಂತಿದೆ.

ಅಂಗಡಿಯಿಂದ ಆಯೋಗಕ್ಕೆ

ಗೊತ್ತಿರುವ ಅಂಗಡಿಯವನಿಗೆ ಗೊತ್ತಿರುವ ಗಿರಾಕಿ ಹೇಳುವ ಮಾತಿಗೆ ಬೆಲೆಯಿದೆ, ಏಕೆಂದರೆ ಇಬ್ಬರೂ ಮುಂದಿನ ವಾರ ಮತ್ತೆ ಭೇಟಿಯಾಗಬೇಕು. ಅಂಗಡಿ ದೊಡ್ಡದಾದಾಗ, ತಯಾರಕ ದೂರದ ಊರಿನಲ್ಲಿದ್ದಾಗ ಆ ಬೆಲೆ ಉಳಿಯುವುದಿಲ್ಲ. ಸ್ವತಂತ್ರ ಭಾರತದಲ್ಲಿ ಇದು ಎದ್ದು ಕಂಡದ್ದು 1960ರ ದಶಕದಲ್ಲಿ. ಬೆಲೆಗಳು ಏರುತ್ತಿದ್ದವು, ಕಲಬೆರಕೆ ಹೆಚ್ಚಿತ್ತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಅದೇ ವರ್ಷ ದೆಹಲಿಯ ಕನಾಟ್ ಪ್ಲೇಸಿನಲ್ಲಿ ಸಹಕಾರಿ 'ಸೂಪರ್ ಬಜಾರ್' ತೆರೆಯಿತು. ನಮ್ಮ ಬೆಂಗಳೂರಿನವರಿಗೆ ಜನತಾ ಬಜಾರ್ ಇದ್ದ ಹಾಗೆ ದೆಹಲಿಯ ಮಧ್ಯಮ ವರ್ಗಕ್ಕೆ ಅದು. ಅದೇ 1966ರಲ್ಲಿ ಮುಂಬೈಯಲ್ಲಿ ಒಂಬತ್ತು ಮಂದಿ ಹೆಂಗಸರು ಸೇರಿ 'ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ' ಕಟ್ಟಿದರು. ಅಡುಗೆಮನೆಯ ಗೊಣಗಾಟವನ್ನು ಅವರು ಪರೀಕ್ಷೆ ಮಾಡಬಹುದಾದ ದೂರಾಗಿ ಬದಲಿಸಿದರು. 1983ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು, ವಿದ್ಯಾರ್ಥಿಗಳು ಆರಂಭಿಸಿದ 'ವಾಯ್ಸ್' ಸಂಸ್ಥೆ ಬೇರೆಬೇರೆ ಕಂಪನಿಯ ವಸ್ತುಗಳನ್ನು ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿ, ಫಲಿತಾಂಶ ಪ್ರಕಟಿಸುವ ಕೆಲಸ ಹಿಡಿಯಿತು.

ಕರ್ನಾಟಕದಲ್ಲಿ ಈ ಚಳವಳಿಯ ಒಂದು ಬೇರು ಇದ್ದದ್ದು ಕುಂದಾಪುರದ ಪಕ್ಕದ ಬಸ್ರೂರಿನಲ್ಲಿ. ವಾರಾಹಿ ನದಿಯ ದಡದ ಈ ಊರು ಒಂದು ಕಾಲಕ್ಕೆ ಹೆಸರುವಾಸಿ ಬಂದರು. ಪೋರ್ಚುಗೀಸರು ಇಲ್ಲಿಂದ ಅಕ್ಕಿ ಒಯ್ಯುತ್ತಿದ್ದರು. 1665ರಲ್ಲಿ ಶಿವಾಜಿ ಸಮುದ್ರಮಾರ್ಗದಲ್ಲಿ ಬಂದು ಈ ಊರಿನ ಸಂಪತ್ತನ್ನು ದೋಚಿದ್ದ. ವರ್ತಕರ ಆ ಊರಿನಲ್ಲಿ ಕೊಳ್ಳುವವರ ಸಂಘವೊಂದು ಹುಟ್ಟಿತು. ಮಣಿಪಾಲದ ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದ ಡಾ. ರವೀಂದ್ರನಾಥ ಶಾನಭಾಗರು ಅದರ ಮುಂಚೂಣಿಯಲ್ಲಿದ್ದರು. ಅದರ ಹೆಸರನ್ನು ಗಮನಿಸಿ: 'ಬಳಕೆದಾರರ ವೇದಿಕೆ'. ಗ್ರಾಹಕರ ವೇದಿಕೆ ಎನ್ನಲಿಲ್ಲ. ಮೊಬೈಲು, ಆ್ಯಪು ಯಾರ ಕನಸಿನಲ್ಲೂ ಇಲ್ಲದ ಕಾಲದಲ್ಲಿ ಕರಾವಳಿಯವರು ಅಗಲವಾದ ಪದವನ್ನೇ ಆರಿಸಿಕೊಂಡಿದ್ದರು.

1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಈಗಲೂ ಆ ದಿನವನ್ನು ರಾಷ್ಟ್ರೀಯ ಗ್ರಾಹಕ ದಿನವೆಂದು ಆಚರಿಸುತ್ತಾರೆ. ವಕೀಲರಿಲ್ಲದೆ, ಬಿಳಿ ಹಾಳೆಯಲ್ಲಿ ದೂರು ಬರೆದುಕೊಟ್ಟು ಜಿಲ್ಲಾ ಮಟ್ಟದಲ್ಲೇ ಪರಿಹಾರ ಕೇಳಬಹುದಾಯಿತು. ಆದರೆ ಕಾಯ್ದೆಗೆ ಬೇಕಾದ ಮಾತಿಗೆ ಒಂದು ಆಕಾರವಿತ್ತು: ಹೆಸರು, ವಿಳಾಸ, ತಾರೀಕು, ರಸೀದಿ, ಏನು ಕೆಟ್ಟಿತು, ಏನು ಬೇಕು. ಅಂಗಡಿಯೆದುರಿನ ಅರ್ಧ ನಿಮಿಷದ ಮಾತು ಇಲ್ಲಿ ಪುಟಗಳಾಗುತ್ತದೆ, ಅರ್ಧ ನಿಮಿಷದ ತೀರ್ಪು ಎಷ್ಟೋ ಸಲ ವರ್ಷಗಳಾಗುತ್ತದೆ. ಮುನಿರ್ಕಾದಿಂದ ಮೆಟ್ರೋ ಹಿಡಿದು ಹೌಜ್ ಖಾಸ್‌ನಲ್ಲಿ ಗಾಡಿ ಬದಲಿಸಿದರೆ ಐಎನ್ಎ ನಿಲ್ದಾಣ. ಒಂದು ಕಡೆ ತೆಂಗಿನಕಾಯಿ, ಬಾಳೆಎಲೆ, ಮೀನು ಸಿಗುವ ಮಾರ್ಕೆಟ್ಟು. ಅಲ್ಲೇ ಹತ್ತಿರದಲ್ಲಿ 'ಉಪಭೋಕ್ತಾ ನ್ಯಾಯ ಭವನ', ಅಂದರೆ ರಾಷ್ಟ್ರೀಯ ಆಯೋಗ. ಚೌಕಾಸಿಯ ಗದ್ದಲ ಮತ್ತು ಕಡತಗಳ ಮೌನ ಒಂದೇ ನಿಲ್ದಾಣದಲ್ಲಿ ಇಳಿಯುತ್ತವೆ.

9999 ಆಟಗಳು

ನಾನು ದಾವಣಗೆರೆಯಲ್ಲಿ ಬೆಳೆದವಳು. ತೊಂಬತ್ತರ ದಶಕದ ಕೊನೆಗೆ ನಮ್ಮ ಮನೆಗೊಂದು ಟಿವಿ ಗೇಮ್ ಬಂತು. ಜಪಾನಿನ ನಿಂಟೆಂಡೋ 1983ರಲ್ಲಿ ಹೊರತಂದ ಯಂತ್ರದ ಅಗ್ಗದ ನಕಲು ಅದು. ಆಗ ಊರೂರಲ್ಲೂ ಇಂಥವೇ ಸಿಗುತ್ತಿದ್ದವು. ಜೊತೆಗೆ ಬಂದ ಕ್ಯಾಸೆಟ್ಟಿನ ಮೇಲೆ '9999 ಆಟಗಳು' ಎಂದು ಬರೆದಿತ್ತು. ನಾನೂ ಅಣ್ಣನೂ ಬೇಸಿಗೆ ರಜೆಯಲ್ಲಿ ನೋಟ್‌ಬುಕ್ ಇಟ್ಟುಕೊಂಡು ಎಣಿಸಿದೆವು. ಏಳನೆಯದರ ನಂತರ ಮೊದಲನೆಯದೇ ಬೇರೆ ಬಣ್ಣದಲ್ಲಿ ಮತ್ತೆ ಬರುತ್ತಿತ್ತು. ಅಪ್ಪ ನೋಟ್‌ಬುಕ್ ಸಮೇತ ನಮ್ಮನ್ನು ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವರು ನಗುತ್ತಾ, "ಎಣಿಸಿಕೊಂಡು ಬಂದೋರು ನೀವೇ ಮೊದಲು ಸಾರ್" ಎಂದರು. ಕ್ಯಾಸೆಟ್ ಬದಲಾಯಿಸಿಕೊಡಲಿಲ್ಲ. ಆದರೆ ನಮ್ಮ ಓಣಿಯಲ್ಲಿ ಆಮೇಲೆ ಯಾರೂ ಅದನ್ನು ಕೊಳ್ಳಲಿಲ್ಲ. ನಮ್ಮ ಅಭಿಪ್ರಾಯದ ವ್ಯಾಪ್ತಿ ಒಂದು ಓಣಿಯಷ್ಟಿತ್ತು, ಅಷ್ಟರ ಮಟ್ಟಿಗೆ ಅದು ಕೆಲಸ ಮಾಡಿತು.

ಆಟದ ವ್ಯಾಪಾರದಲ್ಲಿ ಇದೇ ಸಮಸ್ಯೆ ದೊಡ್ಡ ಪ್ರಮಾಣದಲ್ಲಿ ಅಮೆರಿಕದಲ್ಲಿ ಆಗಲೇ ಆಗಿಹೋಗಿತ್ತು. 1983ರಲ್ಲಿ ಅಲ್ಲಿನ ವಿಡಿಯೋ ಗೇಮ್ ಮಾರುಕಟ್ಟೆ ಕುಸಿಯಲು ಒಂದು ಕಾರಣ, ಕಪಾಟು ತುಂಬ ಇದ್ದ ಕ್ಯಾಸೆಟ್‌ಗಳಲ್ಲಿ ಯಾವುದು ಕಳಪೆ ಎಂದು ಕೊಳ್ಳುವ ಮೊದಲು ತಿಳಿಯಲು ದಾರಿಯಿಲ್ಲದ್ದು. 1985ರಲ್ಲಿ ಅಲ್ಲಿಗೆ ಬಂದ ನಿಂಟೆಂಡೋ ತನ್ನ ಡಬ್ಬಿಗಳ ಮೇಲೆ ಗುಣಮಟ್ಟದ ಮುದ್ರೆ ಒತ್ತಿತು. ಅಲ್ಲಿಯೂ ಮಾತನಾಡಿದವನು ಮಾರುವವನೇ. ಕೊಂಡವರ ಮಾತು ಓಣಿ ದಾಟಲು ಅಂತರ್ಜಾಲ ಬರಬೇಕಾಯಿತು.

ಸುಪ್ರೀಂ ಕೋರ್ಟಿನವರೆಗೆ

ಭಾರತದಲ್ಲಿ 2000ದಲ್ಲಿ ಮುಂಬೈಯಿಂದ ಆರಂಭವಾದ 'ಮೌತ್‌ಶಟ್' ಆ ಮೊದಲ ದಾರಿಗಳಲ್ಲಿ ಒಂದು. ಬ್ಯಾಂಕು, ಬೈಕು, ಬಟ್ಟೆ ಅಂಗಡಿ, ಯಾವುದರ ಬಗ್ಗೆಯೂ ಸಾಮಾನ್ಯ ಜನ ಅಲ್ಲಿ ಬರೆಯಬಹುದಿತ್ತು. ಬರೆದದ್ದು ಕಹಿಯಾದಾಗ ಕಂಪನಿಗಳಿಂದ ಲೀಗಲ್ ನೋಟಿಸ್ ಬರತೊಡಗಿತು. 2011ರ ಐಟಿ ನಿಯಮಗಳ ಪ್ರಕಾರ ಯಾರಾದರೂ ಆಕ್ಷೇಪಿಸಿ ಪತ್ರ ಬರೆದರೆ ಅಂಥ ಬರಹವನ್ನು ತೆಗೆಯಬೇಕು, ಇಲ್ಲವೇ ಕಾನೂನಿನ ರಕ್ಷಣೆ ಕಳೆದುಕೊಳ್ಳಬೇಕು. 2013ರಲ್ಲಿ ಮೌತ್‌ಶಟ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು.

2015ರ ಮಾರ್ಚ್ 24ರಂದು ಬಂದ ಶ್ರೇಯಾ ಸಿಂಘಾಲ್ ತೀರ್ಪು ನಿಮಗೆ ನೆನಪಿರಬಹುದು. ಐಟಿ ಕಾಯ್ದೆಯ 66ಎ ಕಲಮನ್ನು ರದ್ದುಮಾಡಿದ ತೀರ್ಪು ಎಂದೇ ಅದು ಪ್ರಸಿದ್ಧ. ಮೌತ್‌ಶಟ್‌ನ ಅರ್ಜಿಗೂ ಅದರಲ್ಲೇ ಉತ್ತರ ಸಿಕ್ಕಿತು. ನ್ಯಾಯಮೂರ್ತಿಗಳಾದ ಚೆಲಮೇಶ್ವರ್ ಮತ್ತು ರೋಹಿಂಟನ್ ನಾರಿಮನ್ ಅವರ ಪೀಠ, ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಬಂದರೆ ಮಾತ್ರ ತೆಗೆಯಬೇಕಾದ ಹೊಣೆ ಎಂದು ನಿಯಮವನ್ನು ಸೀಮಿತಗೊಳಿಸಿತು. ಬಟ್ಟೆ ಅಂಗಡಿಯ ಬಗ್ಗೆ ಬರೆದ ನಾಲ್ಕು ಸಾಲು ವಾಕ್‌ಸ್ವಾತಂತ್ರ್ಯದ ಚರಿತ್ರೆಯೊಳಗೆ ಹೀಗೆ ಸೇರಿಕೊಂಡಿತು. ನಾವು ಇಂದು ಹೋಟೆಲಿನ ಸಾಂಬಾರನ್ನು ಧೈರ್ಯವಾಗಿ ಬೈದು ಬರೆಯುವುದರ ಹಿಂದೆ ಆ ತೀರ್ಪಿನ ಪಾಲೂ ಇದೆ.

ನಕ್ಷತ್ರಗಳ ದೊಂಬಿ

ಅಷ್ಟರಲ್ಲಿ ನಾಲ್ಕು ಸಾಲೂ ಉದ್ದವಾಗಿ, ಐದು ನಕ್ಷತ್ರಗಳು ಬಂದಿದ್ದವು. ಒತ್ತಿದರೆ ಆಯಿತು. ಹೆಸರು, ತಾರೀಕು, ರಸೀದಿ ಏನೂ ಬೇಡ.

2017ರ ಏಪ್ರಿಲ್‌ನಲ್ಲಿ, ಸ್ನ್ಯಾಪ್‌ಚಾಟ್ ಕಂಪನಿಯ ಮುಖ್ಯಸ್ಥ ಭಾರತವನ್ನು ಬಡದೇಶವೆಂದು ಹೀಗಳೆದಿದ್ದ ಎಂದು ಅದರ ಮಾಜಿ ನೌಕರನೊಬ್ಬ ಆರೋಪಿಸಿದ. ಕಂಪನಿ ಅಲ್ಲಗಳೆಯಿತು. ಸಿಟ್ಟಾದ ಭಾರತೀಯರು ಒಂದೊಂದೇ ನಕ್ಷತ್ರ ಕೊಡತೊಡಗಿದರು. ಅದರಲ್ಲಿ ಎಷ್ಟೋ ಏಟು ಬಿದ್ದದ್ದು ದೆಹಲಿಯ ಸ್ನ್ಯಾಪ್‌ಡೀಲ್ ಮೇಲೆ. ಹೆಸರಿನ ಮೊದಲರ್ಧ ಒಂದೇ ಆಗಿತ್ತು, ಅಷ್ಟೇ ಅಪರಾಧ. ಭಾಷಾಶಾಸ್ತ್ರ ಓದಿದ ನನಗೆ ಒಂದು ಉಚ್ಚಾರಾಂಶಕ್ಕೆ ಇಷ್ಟು ದುಬಾರಿ ದಂಡ ಬಿದ್ದ ಇನ್ನೊಂದು ಉದಾಹರಣೆ ನೆನಪಿಗೆ ಬರುವುದಿಲ್ಲ.

2020ರ ಮೇ ತಿಂಗಳಲ್ಲಿ ಯೂಟ್ಯೂಬ್ ಮತ್ತು ಟಿಕ್‌ಟಾಕ್ ಅಭಿಮಾನಿಗಳ ಜಗಳದಲ್ಲಿ ಟಿಕ್‌ಟಾಕ್‌ನ ಸರಾಸರಿ 4ರ ಮೇಲಿದ್ದದ್ದು ಕೆಲವೇ ದಿನಗಳಲ್ಲಿ 2ರ ಕೆಳಗೆ ಬಿತ್ತು. ಗೂಗಲ್ ಲಕ್ಷಗಟ್ಟಲೆ ಅಭಿಪ್ರಾಯಗಳನ್ನು ಅಳಿಸಿಹಾಕಿತು. ಅದೇ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾಯಿತು. ಬೆಂಗಳೂರಿನ ಎನ್‌ಕೋರ್ ಗೇಮ್ಸ್ 2021ರ ಜನವರಿ 26ರಂದು 'ಫೌಜಿ' ಎಂಬ ಆಟ ತಂದಿತು. ಪಬ್‌ಜಿ ಕಳೆದುಕೊಂಡ ಹುಡುಗರ ನಿರಾಸೆ ಅದರ ಮೇಲೆ ಒಂದೊಂದು ನಕ್ಷತ್ರವಾಗಿ ಸುರಿಯಿತು. ಅವರಲ್ಲಿ ಆಟ ನಿಜವಾಗಿ ಇಷ್ಟವಾಗದವರೂ ಇದ್ದರು, ಆಟವನ್ನು ತೆರೆಯದವರೂ ಇದ್ದರು. ನಕ್ಷತ್ರ ನೋಡಿ ಇವರನ್ನು ಬೇರ್ಪಡಿಸುವುದು ಹೇಗೆ?

ಇದು ಬರೀ ಪುಂಡಾಟವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಓದಿ ನೋಡಿ. 1986ರದ್ದಾಗಲಿ, 2020ರ ಜುಲೈ 20ರಂದು ಜಾರಿಗೆ ಬಂದ 2019ರ ಹೊಸದಾಗಲಿ, ಪ್ರತಿಫಲ ಕೊಟ್ಟವನನ್ನೇ ಗ್ರಾಹಕ ಎನ್ನುತ್ತದೆ. ಪುಕ್ಕಟೆ ಕೊಟ್ಟ ಸೇವೆಯನ್ನು 'ಸೇವೆ'ಯ ಅರ್ಥದಿಂದಲೇ ಹೊರಗಿಡುತ್ತದೆ. ಹೊಸ ಕಾಯ್ದೆಯಲ್ಲಿ ಅನುಕೂಲಗಳು ಹೆಚ್ಚಿವೆ. ಆನ್‌ಲೈನಿನಲ್ಲಿ ಕೊಂಡದ್ದಕ್ಕೂ ಅನ್ವಯಿಸುತ್ತದೆ, ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, 1915ಕ್ಕೆ ಕರೆ ಮಾಡಿಯೂ ಹೇಳಿಕೊಳ್ಳಬಹುದು. ಆದರೆ ಪುಕ್ಕಟೆ ಆಟ ಆಡುವ, ಪುಕ್ಕಟೆ ಆ್ಯಪು ಬಳಸುವ ಹುಡುಗ ಬಳಕೆದಾರನೇ ಹೊರತು ಸುಲಭಕ್ಕೆ ಗ್ರಾಹಕನಾಗುವುದಿಲ್ಲ. ಆಯೋಗದ ಬಾಗಿಲು ಅವನಿಗೆ ಅಷ್ಟಕ್ಕಷ್ಟೇ. ಅವನ ಕೈಯಲ್ಲಿ ಉಳಿದಿರುವುದು ಆ ಒಂದು ನಕ್ಷತ್ರ. ಅದನ್ನೂ ನಂಬಲಾಗದಂತೆ ಮಾಡಿದರೆ ಅವನಿಗೆ ಬಾಯೇ ಇಲ್ಲ.

ಕುಂದಾಪುರದ ಆ ಸಾಲು

ನಂಬಲಾಗದಂತೆ ಮಾಡಿದವರಲ್ಲಿ ನಾನೂ ಒಬ್ಬಳು. ಕೆಲವು ವರ್ಷಗಳ ಹಿಂದೆ ಒಂದು ಏಜೆನ್ಸಿ ನನಗೆ ಎಕ್ಸೆಲ್ ಹಾಳೆ ಕಳಿಸಿತು. ಒಂದು ಆ್ಯಪಿನ ಬಗ್ಗೆ ಎಂಬತ್ತು ಇಂಗ್ಲಿಷ್ ವಾಕ್ಯಗಳು. ಪ್ರತಿಯೊಂದರ ಪಕ್ಕದಲ್ಲಿ ಒಂದು ಊರು, ಒಂದು ವಯಸ್ಸು. 'ಆಯಾ ಊರಿನ ಕನ್ನಡದಲ್ಲೇ ಇರಲಿ' ಎಂಬ ಸೂಚನೆ. ಉಪಭಾಷೆಗಳನ್ನು ಓದಿದವಳೆಂದೇ ನನ್ನನ್ನು ಹುಡುಕಿದ್ದರು. ಖುಷಿಯಿಂದ ಕೂತೆ. ಧಾರವಾಡದ ಸಾಲಿಗೆ 'ಭಾಳ ಚಲೋ ಐತ್ರಿ' ಎಂದೆ. ಕುಂದಾಪುರದ ಸಾಲಿಗೆ 'ಲಾಯ್ಕ್ ಇತ್ತ್ ಮಾರಾಯ್ರೆ' ಎಂದೆ. ನಲವತ್ತು ಮುಗಿಸಿ ಕಳಿಸಿದ ಮೇಲೆ ಗೊತ್ತಾಯಿತು, ಆ ಆ್ಯಪು ಬಿಡುಗಡೆಯಾಗುವುದು ಮುಂದಿನ ವಾರ. ಆ ಎಂಬತ್ತು ಜನರಲ್ಲಿ ಯಾರೂ ಇನ್ನೂ ಅದನ್ನು ಬಳಸಿರಲಿಲ್ಲ. ಯಾರೂ ಇರಲೇ ಇಲ್ಲ.

ಉಳಿದ ನಲವತ್ತನ್ನು ಮಾಡಲಿಲ್ಲ. ಮೊದಲ ನಲವತ್ತರ ದುಡ್ಡನ್ನು ವಾಪಸ್ಸೂ ಮಾಡಲಿಲ್ಲ. ಆ ತಿಂಗಳ ಬಾಡಿಗೆಗೆ ಅದು ಬೇಕಿತ್ತು. ಮಾರುವವರು ತಾವೇ ಗ್ರಾಹಕರೆಂದು ನಟಿಸಿ ಅಭಿಪ್ರಾಯ ಬರೆಯುವಂತಿಲ್ಲವೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ಅಭಿಪ್ರಾಯಗಳನ್ನು ಸಂಗ್ರಹಿಸುವ, ಪರಿಶೀಲಿಸುವ, ಪ್ರಕಟಿಸುವ ಬಗೆಗೆ 'ಐಎಸ್ 19000' ಎಂಬ ಮಾನದಂಡ ತಂದಿತು. ಪಾಲಿಸುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ಬರೆದವರು ನಿಜವಾದ ಮನುಷ್ಯರೇ ಎಂದು ಖಚಿತಪಡಿಸಿಕೊಳ್ಳಬೇಕೆನ್ನುವುದು ಅದರ ಒಂದು ಮುಖ್ಯ ಕಾಳಜಿ. ಹಾಗೆ ನೋಡಿದರೆ ಈಗ ಉಪಭಾಷೆ ಬಲ್ಲ ಅನುವಾದಕರೂ ಬೇಕಿಲ್ಲ, ಆ ಕೆಲಸವನ್ನು ಯಂತ್ರವೇ ಮಾಡೀತು.

ನನ್ನನ್ನು ಕಾಡುವುದು ಕುಂದಾಪುರದ ಆ ಸಾಲು. ಅಲ್ಲಿಂದ ಬಸ್ರೂರು ಕೆಲವೇ ಮೈಲಿ. ಬಳಕೆದಾರರ ಮಾತಿಗೆ ತೂಕ ಬರಲಿ ಎಂದು ಜನ ದೂರುಪತ್ರ ಬರೆದುಕೊಟ್ಟ, ಕಚೇರಿಗಳಿಗೆ ಅಲೆದ ನೆಲ. ಅದೇ ನೆಲದ ಕನ್ನಡವನ್ನು ಇಲ್ಲದ ಬಳಕೆದಾರನ ಬಾಯಿಗೆ ನಾನು ಹಾಕಿದ್ದೆ.

ಪದಪಟ್ಟಿಯ ವಿಷಯ ಬಾಕಿ ಉಳಿಯಿತು. 'ವಿಮರ್ಶೆ'ಯ ಬದಲು 'ಅನಿಸಿಕೆ' ಎಂದು ಇಡಿ ಎಂದು ಕಂಪನಿಗೆ ಬರೆದೆ. ಅನಿಸಿಕೆ ಎನ್ನಲು ಮೊದಲು ಯಾರಿಗೋ ಏನೋ ಅನಿಸಬೇಕು ಎಂದು ಕಾರಣವನ್ನೂ ಕೊಟ್ಟೆ. ಪಟ್ಟಿ ಈಗಾಗಲೇ ಅಂತಿಮವಾಗಿದೆ, ಧನ್ಯವಾದ ಎಂದು ಉತ್ತರ ಬಂತು.

ಈಗ ಏನಾದರೂ ಕೊಂಡರೆ, ಬಳಸಿದರೆ, ಎರಡು ಸಾಲು ಕನ್ನಡದಲ್ಲಿ ಬರೆಯುತ್ತೇನೆ: ಯಾವತ್ತು ಕೊಂಡೆ, ಎಷ್ಟು ಕೊಟ್ಟೆ, ಎಷ್ಟು ದಿನ ಬಳಸಿದೆ, ಏನು ಸರಿಯಿತ್ತು, ಏನು ಸರಿಯಿರಲಿಲ್ಲ. ಇಲ್ಲಿಯವರೆಗೆ ಇಪ್ಪತ್ತೇಳು ಬರೆದಿದ್ದೇನೆ. ನಲವತ್ತಕ್ಕೆ ಇನ್ನೂ ಹದಿಮೂರು ಬಾಕಿ.