ಕವಡೆಯ ಕಿಮ್ಮತ್ತು

ನಮ್ಮ ಮೈಂದರ್ಗಿಯಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಕವಡೆ ನಮಗೆ ಹೊಸದಲ್ಲ. ತುಳಜಾಪುರದ ಅಂಬಾಭವಾನಿಯ ಭಕ್ತರ ಕೊರಳಲ್ಲಿ, ಸವದತ್ತಿ ಯಲ್ಲಮ್ಮನ ಜೋಗತಿಯರ ಕೊರಳಲ್ಲಿ ಕವಡೆ ಸರ ನೋಡುತ್ತೇವೆ. ಚೌಕಾಬಾರ ಆಡಲಿಕ್ಕೂ ಕವಡೆಯೇ ಬೇಕು.

ಕವಡೆ ಎಂದರೆ ಸಮುದ್ರದ ಒಂದು ಬಸವನಹುಳುವಿನ ಚಿಪ್ಪು. ಮಾಲ್ಡೀವ್ಸ್ ದ್ವೀಪಗಳಲ್ಲಿ ಇದು ಹೇರಳ. 14ನೇ ಶತಮಾನದಲ್ಲಿ ಅಲ್ಲಿದ್ದ ಪ್ರವಾಸಿ ಇಬ್ನ್ ಬತೂತಾ, ದ್ವೀಪದವರು ಕವಡೆ ಕೊಟ್ಟು ಬಂಗಾಳದವರಿಂದ ಅಕ್ಕಿ ಪಡೆಯುತ್ತಿದ್ದರೆಂದು ಬರೆದಿದ್ದಾನೆ. ಕವಡೆ ಬೇಗ ಸವೆಯುವುದಿಲ್ಲ, ಕೆಡುವುದಿಲ್ಲ, ಖೋಟಾ ಮಾಡುವುದೂ ಕಷ್ಟ. ಹೀಗಾಗಿ ಬಡವರ ಚಿಲ್ಲರೆ ವ್ಯಾಪಾರಕ್ಕೆ ಅದೇ ನಾಣ್ಯವಾಯಿತು. 1758ರಲ್ಲಿ ವಿಜ್ಞಾನಿ ಲಿನೇಯಸ್ ಇದಕ್ಕೆ ಕೊಟ್ಟ ಹೆಸರಿನಲ್ಲೂ 'ಮೊನೆಟಾ' ಇದೆ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ನಾಣ್ಯ. ಇದೇ ಕವಡೆಯನ್ನು ಯುರೋಪಿನ ವ್ಯಾಪಾರಿಗಳು ಪಶ್ಚಿಮ ಆಫ್ರಿಕಕ್ಕೆ ಒಯ್ದು ಮನುಷ್ಯರನ್ನೇ ಗುಲಾಮರಾಗಿ ಕೊಂಡರು.

ಒಡಿಶಾದಲ್ಲಿ ಕಂದಾಯವನ್ನೂ ಕವಡೆಯಲ್ಲಿ ಕಟ್ಟುತ್ತಿದ್ದರು. 1803ರಲ್ಲಿ ಆ ನಾಡನ್ನು ಹಿಡಿದ ಕಂಪನಿ ಸರಕಾರ ಬೆಳ್ಳಿ ರೂಪಾಯಿಯನ್ನೇ ಕೇಳತೊಡಗಿತು. ರೈತನ ಕೈಯಲ್ಲಿದ್ದ ಕವಡೆಯ ಬೆಲೆ ಕುಸಿಯಿತು. ಕಂದಾಯ ಕಟ್ಟಲಾಗದೆ ಅನೇಕರ ಜಮೀನು ಹೋಯಿತು. 1817ರ ಪೈಕ ದಂಗೆಗೆ ಇದೂ ಒಂದು ಕಾರಣ.

ಮಕ್ಕಳಿಗೆ ನಾಣ್ಯಗಳ ಪಾಠ ಹೇಳುವಾಗ ಒಂದು ಕವಡೆಯನ್ನೂ ಕೈಗೆ ಕೊಡೋಣ. 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂಬ ಮಾತಿನ ಹಿಂದೆ ಎಷ್ಟು ಜನರ ಬದುಕಿತ್ತೆಂದು ಅವರಿಗೂ ತಿಳಿಯಲಿ.