ಹ್ಯಾಮ್ ರೇಡಿಯೋ ಪರೀಕ್ಷೆ ನಿಜವಾಗ್ಲೂ ಸುಲಭ ಆಯ್ತಾ?

'ಈಗಿನದ್ದೂ ಒಂದು ಪರೀಕ್ಷೆನಾ? ನಮ್ಮ ಕಾಲದಲ್ಲಿ ನೋಡ್ಬೇಕಿತ್ತು!' ಈ ಮಾತು ಕೇಳದೇ ಬೆಳೆದವರು ಯಾರಿದ್ದೀವಿ ಹೇಳಿ? ಅಮೆರಿಕದ ಹ್ಯಾಮ್ ರೇಡಿಯೋ ಹವ್ಯಾಸಿಗಳು ದಶಕಗಳ ಕಾಲ ಇದೇ ಜಗಳ ಆಡಿದ್ದಾರೆ.

ಹ್ಯಾಮ್ ಅಂದ್ರೆ, ಲಾಭದ ಆಸೆಯಿಲ್ಲದೆ ಸ್ವಂತ ರೇಡಿಯೋದಿಂದ ದೂರದೂರಿನ ಹವ್ಯಾಸಿಗಳ ಜೊತೆ ಮಾತಾಡುವವರು. ಇದಕ್ಕೆ ಲೈಸೆನ್ಸ್ ಬೇಕು, ಲೈಸೆನ್ಸ್‌ಗೆ ಪರೀಕ್ಷೆ. 1912ರಲ್ಲಿ ಟೈಟಾನಿಕ್ ಮುಳುಗಿತು; ಅದೇ ವರ್ಷ ಅಮೆರಿಕದಲ್ಲಿ ರೇಡಿಯೋ ಕಾನೂನು ಬಂತು. ಆಗ ಹಡಗುಗಳ ಭಾಷೆ ಮೋರ್ಸ್, ಅಂದ್ರೆ ಚುಕ್ಕಿ-ಗೆರೆಗಳ ಸಂಕೇತ. ಅಪಾಯದ ಕರೆ ಬಂದಾಗ ಹವ್ಯಾಸಿಗೆ ಅದು ಅರ್ಥವಾಗಬೇಕು, ದಾರಿ ಬಿಡಬೇಕು. ಹಾಗಾಗಿ ಪರೀಕ್ಷೆಯಲ್ಲಿ ಮೋರ್ಸ್ ಕಡ್ಡಾಯ.

1951ರ ಹೊತ್ತಿಗೆ ನೊವೈಸ್ ಲೈಸೆನ್ಸ್‌ಗೆ ನಿಮಿಷಕ್ಕೆ 5 ಪದ, ಜನರಲ್‌ಗೆ 13, ಎಕ್ಸ್‌ಟ್ರಾಗೆ 20. ನಮ್ಮ ದೇಶದ 1978ರ ನಿಯಮಗಳಲ್ಲೂ ಗ್ರೇಡ್ 2ಕ್ಕೆ 5 ಪದ, ಗ್ರೇಡ್ 1ಕ್ಕೆ 12 ಪದ ಇತ್ತು.

ಆಮೇಲೆ ಅಮೆರಿಕದಲ್ಲಿ ಗಂಟು ಒಂದೊಂದಾಗಿ ಸಡಿಲವಾಯ್ತು. 1980ರ ದಶಕದಲ್ಲಿ ಪರೀಕ್ಷೆ ನಡೆಸುವ ಕೆಲಸ ಸ್ವಯಂಸೇವಕರ ಕೈಗೆ ಬಂತು, ಪ್ರಶ್ನೆಗಳೂ ಉತ್ತರಗಳೂ ಬಹಿರಂಗವಾದವು. 1991ರಲ್ಲಿ ಟೆಕ್ನಿಷಿಯನ್ ದರ್ಜೆಗೆ ಮೋರ್ಸ್ ಬೇಡವಾಯ್ತು. 2000ದಲ್ಲಿ ಉಳಿದವರಿಗೆಲ್ಲ 5 ಪದ ಸಾಕಾಯ್ತು. 2007ರ ಫೆಬ್ರವರಿ 23ರಿಂದ ಅದೂ ಇಲ್ಲ.

ಗುಣಮಟ್ಟ ಹಾಳಾಯ್ತು ಅಂತ ಹಿರಿಯರು ಸಿಡುಕಿದರು. ಆದ್ರೆ 1999ರಲ್ಲೇ ಹಡಗುಗಳ ಅಪಾಯದ ಕರೆ ಮೋರ್ಸ್ ಬಿಟ್ಟು ಉಪಗ್ರಹ ಮತ್ತು ಡಿಜಿಟಲ್ ವ್ಯವಸ್ಥೆಗೆ ಬದಲಾಗಿತ್ತು. 2003ರಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನ, ಮೋರ್ಸ್ ಬೇಕೋ ಬೇಡವೋ ಅನ್ನೋದನ್ನು ಆಯಾ ದೇಶಕ್ಕೇ ಬಿಟ್ಟಿತು. ಕಡ್ಡಾಯದ ಕಾರಣವೇ ಹೋದ ಮೇಲೆ ಕಡ್ಡಾಯ ಯಾಕೆ?

ನನ್ನ ತಕರಾರು ಬೇರೆ. ಟೆಕ್ನಿಷಿಯನ್ ಪ್ರಶ್ನೆಗಳನ್ನು ನಾನೂ ನೋಡ್ದೆ. ಪಟ್ಟಿಯಲ್ಲಿ 400ಕ್ಕೂ ಹೆಚ್ಚು ಪ್ರಶ್ನೆ. ಕೇಳೋದು 35, 26 ಸರಿ ಇದ್ರೆ ಪಾಸ್. 90 ವೋಲ್ಟ್, 3 ಆಂಪಿಯರ್ ಇದ್ರೆ ರೆಸಿಸ್ಟೆನ್ಸ್ ಎಷ್ಟು? 30 ಓಮ್. ಕಾಮರ್ಸ್ ಓದಿದ ನಾನು ಭಾಗಾಕಾರ ಮಾಡದೇ, ಉತ್ತರ ಬಾಯಿಪಾಠ ಮಾಡಿಯೂ ಪಾಸಾಗಬಹುದು.

1951ರ ನೊವೈಸ್ ಕೂಡ ಹೊಸಬರಿಗೆ ತೆರೆದ ಸುಲಭದ ಬಾಗಿಲೇ. ಆದ್ರೆ ಆಗ ಅದರ ಅವಧಿ ಒಂದೇ ವರ್ಷ, ನವೀಕರಣ ಇಲ್ಲ. ಅಷ್ಟರಲ್ಲಿ ಕಲಿತು ಮುಂದಿನ ಪರೀಕ್ಷೆ ಪಾಸಾಗಬೇಕು, ಇಲ್ಲವಾದ್ರೆ ರೇಡಿಯೋ ಆಫ್. ಇವತ್ತಿನ ಲೈಸೆನ್ಸ್ 10 ವರ್ಷ ನಡೆಯುತ್ತೆ, ಮತ್ತೆ ಪರೀಕ್ಷೆ ಇಲ್ಲದೇ ನವೀಕರಣವೂ ಆಗುತ್ತೆ. ನನ್ನ ಪ್ರಕಾರ ಕಳೆದುಹೋಗಿದ್ದು ಮೋರ್ಸ್ ಅಲ್ಲ, ಆ ಒಂದು ವರ್ಷದ ಗಡುವು. ಬಿರುಗಾಳಿಗೆ ಕರೆಂಟೂ ಮೊಬೈಲ್ ಟವರೂ ಕೈಕೊಟ್ಟ ದಿನ, ಆಂಟೆನಾ ಕಟ್ಟೋಕೆ ಕುಳಿತವರಿಗೆ ಎ, ಬಿ, ಸಿ, ಡಿ ಆಯ್ಕೆ ಇರಲ್ಲ.

ಅಂದಹಾಗೆ, ಯಾರೂ ಕೇಳದಿದ್ರೂ ಮೋರ್ಸ್ ಕಲಿಯುವವರು ಈಗಲೂ ಇದ್ದಾರೆ. ನಿಮ್ಮ ಪರಿಚಯದಲ್ಲಿ ಯಾರಾದ್ರೂ ಹ್ಯಾಮ್ ಇದ್ರೆ, ಪಾಸಾದ ಮೇಲೆ ಏನು ಕಲಿತ್ರಿ ಅಂತ ಒಮ್ಮೆ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.